ಡೆಂಗಿ ರೋಗಿಗೆ ಅಂಕಿ ನೋಡಿ ಪ್ಲೇಟ್‌ಲೆಟ್ ಏರಿಸಬೇಡಿ

ಮಳೆಗಾಲದಲ್ಲಿ ಡೆಂಗಿ ಹೆಚ್ಚಿತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಮೊರೆ ಹರಿದಾಡುತ್ತದೆ: ರೋಗಿಯ ಕೌಂಟ್ ಮೂವತ್ತು ಸಾವಿರಕ್ಕೆ ಇಳಿದಿದೆ, ತುರ್ತಾಗಿ ಪ್ಲೇಟ್‌ಲೆಟ್ ಬೇಕು. ರೋಗಿಗೆ ಎಲ್ಲಾದರೂ ರಕ್ತ ಸೋರುತ್ತಿದೆಯೇ, ಹೊಟ್ಟೆನೋವಿದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂಬ ಮಾತು ಅದರಲ್ಲಿ ಇರುವುದಿಲ್ಲ. ಜೀವ ಉಳಿಸುವ ಕಾಳಜಿಯಿಂದಲೇ ಜನ ಹೀಗೆ ಓಡಾಡುತ್ತಾರೆ, ದಾನಿಗಳು ರಾತ್ರೋರಾತ್ರಿ ಬಂದು ಕೈ ಚಾಚುತ್ತಾರೆ. ಆ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ರಕ್ತಸ್ರಾವವಿಲ್ಲದ ರೋಗಿಗೆ ಬರೀ ಅಂಕಿ ನೋಡಿ ಪ್ಲೇಟ್‌ಲೆಟ್ ಏರಿಸುವುದರಿಂದ ಲಾಭವಿಲ್ಲ, ಅಪಾಯ ಮಾತ್ರ ಇದೆ. ಈ ರೂಢಿ ನಿಲ್ಲಬೇಕು.

ಡೆಂಗಿಯಲ್ಲಿ ಸಾವು ತರುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಕೊರತೆಯಲ್ಲ, ರಕ್ತನಾಳಗಳಿಂದ ದ್ರವ ಸೋರಿಹೋಗುವುದು. ಜ್ವರ ಬಿಡುವ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ, ಪ್ಲಾಸ್ಮಾ ನಾಳಗಳಿಂದ ಹೊರಬಂದು ಎದೆಗೂಡಿನಲ್ಲೂ ಹೊಟ್ಟೆಯಲ್ಲೂ ಸೇರುತ್ತದೆ. ರಕ್ತ ಗಟ್ಟಿಯಾಗುತ್ತದೆ, ಬಿ.ಪಿ. ಕುಸಿಯುತ್ತದೆ. ಇದನ್ನು ತೋರಿಸುವುದು ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ನಾಡಿ, ಮೂತ್ರದ ಪ್ರಮಾಣ, ಬಿಡದ ವಾಂತಿ ಮತ್ತು ಹೊಟ್ಟೆನೋವು. ಪ್ಲೇಟ್‌ಲೆಟ್ ಇಳಿದು, ಕೆಲವು ದಿನಗಳಲ್ಲಿ ತಾನಾಗಿಯೇ ಏರುತ್ತದೆ. ಹೊರಗಿನಿಂದ ಕೊಟ್ಟದ್ದನ್ನೂ ರೋಗಿಯ ದೇಹ ಬೇಗನೆ ನಾಶಮಾಡಿಬಿಡುತ್ತದೆ. ಮೇಲಾಗಿ ಯಂತ್ರ ಕೊಡುವ ಅಂಕಿ ಯಾವಾಗಲೂ ನಿಜವಲ್ಲ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಯಂತ್ರ ಅವನ್ನು ಎಣಿಸದೆ ಬಿಡುತ್ತದೆ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಅದು ಬಯಲಾಗುವುದು. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಅಂಕಿ ನೋಡಿ ಪ್ಲೇಟ್‌ಲೆಟ್ ಕೊಟ್ಟರೆ ಲಾಭವಿದೆಯೇ ಎಂಬ ಪ್ರಶ್ನೆಯನ್ನೇ ನೇರವಾಗಿ ಪರೀಕ್ಷಿಸಿತು. ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಕಡಿಮೆ ಕೌಂಟ್ ಇದ್ದ 372 ವಯಸ್ಕರಲ್ಲಿ ಒಂದು ಗುಂಪಿಗೆ ಮುಂಜಾಗ್ರತೆಯಾಗಿ ಪ್ಲೇಟ್‌ಲೆಟ್ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ರಕ್ತಸ್ರಾವ ತಡೆಯುವುದರಲ್ಲಿ ಕೊಟ್ಟ ಗುಂಪಿಗೆ ಮೇಲುಗೈ ಸಿಗಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಅಲ್ಲಿ 13, ಕೊಡದವರಲ್ಲಿ 2.

ಈ ಅಡ್ಡಪರಿಣಾಮ ಎಂಥದ್ದು? ಕೆಂಪು ರಕ್ತಕಣಗಳನ್ನು ಫ್ರಿಜ್‌ನಲ್ಲಿ ಇಡಬಹುದು. ಪ್ಲೇಟ್‌ಲೆಟ್ ಆ ತಂಪನ್ನು ತಾಳದು. ತೆಳು ಹಳದಿ ಬಣ್ಣದ ಆ ಚೀಲವನ್ನು ರಕ್ತನಿಧಿಯಲ್ಲಿ 20ರಿಂದ 24 ಡಿಗ್ರಿ ಬಿಸಿಯಲ್ಲಿ, ಹಗಲೂ ರಾತ್ರಿ ಓಲಾಡುವ ತಟ್ಟೆಯ ಮೇಲೆ ಐದು ದಿನದ ಮಟ್ಟಿಗೆ ಇಡುತ್ತಾರೆ. ದಾನಿಯ ಚರ್ಮದಿಂದ ಒಂದೆರಡು ಬ್ಯಾಕ್ಟೀರಿಯಾ ಒಳಹೊಕ್ಕಿದ್ದರೆ ಆ ಬಿಸಿಯಲ್ಲಿ ಅವು ಬೆಳೆಯುತ್ತವೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗೆ ಮಾಡುವ ಕಡ್ಡಾಯ ಪರೀಕ್ಷೆಗಳಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿಬೀಳುವುದಿಲ್ಲ. ಮೈ ದದ್ದೇಳುವುದು, ಚಳಿಜ್ವರ ಬರುವುದು ಸಾಮಾನ್ಯ. ಅಪರೂಪಕ್ಕೆ ದಾನಿಯ ಪ್ಲಾಸ್ಮಾದಲ್ಲಿರುವ ಪ್ರತಿಕಾಯಗಳು ಆರು ಗಂಟೆಯೊಳಗೆ ರೋಗಿಯ ಶ್ವಾಸಕೋಶವನ್ನು ಕೆಡಿಸುವುದೂ ಉಂಟು. ಡೆಂಗಿಗೇ ವಿಶೇಷವಾದ ಅಪಾಯ ಇನ್ನೊಂದಿದೆ. ಚೇತರಿಕೆ ಶುರುವಾದಾಗ ಸೋರಿಹೋದ ದ್ರವವೆಲ್ಲ ರಕ್ತನಾಳಗಳಿಗೆ ಹಿಂದಿರುಗುತ್ತದೆ. ಅದೇ ಹೊತ್ತಿಗೆ ಕೌಂಟ್ ಇನ್ನೂ ಏರಿಲ್ಲವೆಂದು ಚೀಲದ ಮೇಲೆ ಚೀಲ ಹಾಕಿದರೆ ಹೃದಯ ಆ ಭಾರ ತಾಳದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಗುಣವಾಗುತ್ತಿದ್ದ ರೋಗಿ ಉಸಿರಿಗಾಗಿ ಒದ್ದಾಡತೊಡಗುತ್ತಾನೆ.

ಹಾಗಾದರೆ ಯಾರಿಗೂ ಕೊಡಲೇಬಾರದೇ ಎಂದರೆ, ಖಂಡಿತ ಹಾಗಲ್ಲ. ವಾಂತಿಯಲ್ಲೋ ಮಲದಲ್ಲೋ ರಕ್ತ ಹೋಗುತ್ತಿರುವವರಿಗೆ, ತುರ್ತು ಶಸ್ತ್ರಚಿಕಿತ್ಸೆ ಬೇಕಾದವರಿಗೆ ವಿಳಂಬವಿಲ್ಲದೆ ಕೊಡಬೇಕು. ರಕ್ತಸ್ರಾವವಿಲ್ಲದಿದ್ದರೆ ಹತ್ತು ಸಾವಿರಕ್ಕಿಂತ ಕೆಳಗಿಳಿದಾಗಷ್ಟೇ ಯೋಚಿಸಿ ಎನ್ನುತ್ತದೆ ರಾಷ್ಟ್ರೀಯ ಮಾರ್ಗಸೂಚಿ. ಲ್ಯಾನ್ಸೆಟ್ ಅಧ್ಯಯನ ವಯಸ್ಕರದ್ದು, ಅದನ್ನು ಮಕ್ಕಳಿಗೆ ಹಾಗೇ ಅನ್ವಯಿಸಬಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಪುಟ್ಟ ದೇಹಕ್ಕೆ ದ್ರವದ ಹೊರೆ ಇನ್ನೂ ಕಷ್ಟವೆಂಬುದನ್ನು ಮರೆಯಬಾರದು. ವೈದ್ಯರ ಸಂಕಟ ಬೇರೆ. ಕೊಡದೆ ಏನಾದರೂ ಆದರೆ ಮನೆಯವರು ಮೈಮೇಲೆ ಬೀಳುತ್ತಾರೆ, ಕೊಟ್ಟು ಏನಾದರೂ ಆದರೆ ರೋಗದ ಮೇಲೆ ಹಾಕುತ್ತಾರೆ. ಈ ಭಯ ನಿಜ, ಆದರೆ ಅದರ ಬೆಲೆ ತೆರುವವನು ರೋಗಿ. ಕೊಟ್ಟರೆ ಕಳೆದುಕೊಳ್ಳುವುದೇನು ಎಂದು ಕೇಳುವ ಮನೆಯವರಿಗೆ ಇನ್ನೊಂದು ಮಾತೂ ತಿಳಿದಿರಬೇಕು: ರಕ್ತದ ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿರುವ ಮಗುವಿನ ಮಜ್ಜೆ ಪ್ಲೇಟ್‌ಲೆಟ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಐದೇ ದಿನ ಬಾಳುವ ದಾಸ್ತಾನು ಡೆಂಗಿ ವಾರ್ಡಿಗೆ ಹರಿದುಹೋದಾಗ ಕಾಯಬೇಕಾಗುವುದು ಆ ಮಗು.

ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿತು, ಪರೀಕ್ಷೆಗಳಿಗೆ ಗರಿಷ್ಠ ದರವನ್ನೂ ಕಟ್ಟಿತು. ಅದೇ ದೃಢತೆ ಪ್ಲೇಟ್‌ಲೆಟ್ ವಿಷಯದಲ್ಲೂ ಬೇಕು. ಪ್ಲೇಟ್‌ಲೆಟ್ ಕೇಳುವ ಪ್ರತಿ ಅರ್ಜಿಯಲ್ಲಿ ಕೌಂಟ್ ಜೊತೆಗೆ ರಕ್ತಸ್ರಾವ ಎಲ್ಲಿ, ಎಷ್ಟು ಎಂದು ಬರೆಯುವುದು ಕಡ್ಡಾಯವಾಗಲಿ. ಆ ಜಾಗ ಖಾಲಿಯಿದ್ದರೆ ರಕ್ತನಿಧಿಯ ವೈದ್ಯರು ಫೋನ್ ಮಾಡಿ ಕೇಳಲಿ. ಮಾರ್ಗಸೂಚಿಯನ್ನು ಸರಳ ಕನ್ನಡದಲ್ಲಿ ವಾರ್ಡಿನ ಬಾಗಿಲಿಗೆ ಅಂಟಿಸಿದರೆ ಮನೆಯವರೂ ಓದುತ್ತಾರೆ, ವೈದ್ಯರಿಗೂ ಬೆಂಬಲ ಸಿಗುತ್ತದೆ. ಪ್ಲೇಟ್‌ಲೆಟ್ ಪಡೆದವರಿಗೆ ತೊಂದರೆಯಾದರೆ ಅದನ್ನು 2012ರಿಂದ ನಡೆಯುತ್ತಿರುವ ರಾಷ್ಟ್ರೀಯ ಹಿಮೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ತಿಳಿಸುವುದು ಖಾಸಗಿ ಆಸ್ಪತ್ರೆಗಳಿಗೂ ಕಡ್ಡಾಯವಾಗಬೇಕು. ಯಾವ ಜಿಲ್ಲೆಯಲ್ಲಿ ರಕ್ತಸ್ರಾವವಿಲ್ಲದ ಎಷ್ಟು ರೋಗಿಗಳಿಗೆ ಪ್ಲೇಟ್‌ಲೆಟ್ ಹೋಯಿತು ಎಂಬ ಲೆಕ್ಕವನ್ನು ಆರೋಗ್ಯ ಇಲಾಖೆ ಡೆಂಗಿ ಪ್ರಕರಣಗಳ ಸಂಖ್ಯೆಯ ಜೊತೆಗೇ ಪ್ರಕಟಿಸಲಿ.