ಕತ್ತರಿ ಹಿಡಿದ ಭಕ್ತಿಗೆ ಒಂದು ಪ್ರತ್ಯುತ್ತರ

ದೇವರು ಹೇಗಿರಬೇಕೆಂದು ನಮ್ಮ ಮನಸ್ಸು ತೀರ್ಮಾನಿಸಬಾರದು, ಸತ್ಯವೇದ ತೋರಿಸಿಕೊಟ್ಟ ಹಾಗೆ ಆತನಿಗೆ ತಲೆಬಾಗಬೇಕು ಎಂದು ನಾನು ಬರೆದದ್ದಕ್ಕೆ ನಮ್ಮ ಸಭೆಗಳ ಒಳಗಿನಿಂದಲೇ ಆಕ್ಷೇಪಗಳು ಬಂದಿವೆ. ಆಕ್ಷೇಪಿಸಿದವರಲ್ಲಿ ಹಿರಿಯರಿದ್ದಾರೆ, ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರಿದ್ದಾರೆ, ದೇವಶಾಸ್ತ್ರ ಓದಿದ ತರುಣರಿದ್ದಾರೆ. ಅವರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಭಕ್ತಿಯೊಂದೇ ಸಾಲದು. ಸೀನಾಯಿ ಬೆಟ್ಟದ ಬುಡದಲ್ಲಿ ಆರೋನನು ಜನರ ಕಿವಿಯ ಚಿನ್ನದ ಓಲೆಗಳಿಂದ ಬಸವನನ್ನು ಮಾಡಿಕೊಟ್ಟ ಮೇಲೆ ಮರುದಿನದ ಹಬ್ಬವನ್ನು ಸಾರಿದ್ದು ಯೆಹೋವನ ಹೆಸರಿನಲ್ಲೇ. ಹೆಸರು ಬದಲಾಗಿರಲಿಲ್ಲ, ಬಲಿಯೂ ನಿಂತಿರಲಿಲ್ಲ. ಆರಾಧನೆ ಪಡೆದ ದೇವರು ಮಾತ್ರ ಆ ಜನರ ಭಯಕ್ಕೂ ಬೇಸರಕ್ಕೂ ತಕ್ಕಂತೆ ರೂಪುಗೊಂಡಿದ್ದ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಒಂದೊಂದೇ ಆಕ್ಷೇಪಕ್ಕೆ ಉತ್ತರಿಸುತ್ತೇನೆ.

ಒಂದನೆಯ ಆಕ್ಷೇಪ: ದೇವರು ಪ್ರೀತಿಸ್ವರೂಪಿ. ಪ್ರೀತಿ ಎಂದರೇನೆಂದು ಹೃದಯಕ್ಕೆ ಗೊತ್ತು. ಗ್ರಂಥದ ಹಂಗೇಕೆ?

ದೇವರು ಪ್ರೀತಿಸ್ವರೂಪಿ ಎಂದು ನಮಗೆ ತಿಳಿಸಿದವರು ಯಾರು? ಯೋಹಾನನ ಪತ್ರ. ಆ ಪ್ರೀತಿ ಎಂಥದ್ದೆಂದೂ ಅದೇ ಪತ್ರ ಬಿಡಿಸಿ ಹೇಳುತ್ತದೆ. ಅದು ನಮ್ಮ ಪಾಪಕ್ಕಾಗಿ ಮಗನನ್ನೇ ಕೊಟ್ಟ ಪ್ರೀತಿ, ಕಣ್ಣೆದುರಿನ ಸಹೋದರನನ್ನು ದ್ವೇಷಿಸುತ್ತ ದೇವರನ್ನು ಪ್ರೀತಿಸುತ್ತೇನೆ ಎನ್ನುವವನನ್ನು ಸುಳ್ಳುಗಾರನೆನ್ನುವ ಪ್ರೀತಿ. ಅರ್ಧ ವಾಕ್ಯವನ್ನು ಎತ್ತಿಕೊಂಡು ಉಳಿದರ್ಧವನ್ನು ಬಿಟ್ಟರೆ ಪ್ರೀತಿ ಎಂಬುದು ನನಗೆ ಹಿತವಾದದ್ದು ಎಂಬಷ್ಟಕ್ಕೆ ಇಳಿಯುತ್ತದೆ.

ಗ್ರಂಥದ ದೇವರು ಕಠೋರ, ನಮ್ಮ ಹೃದಯ ಮೃದು ಎಂಬ ಲೆಕ್ಕಾಚಾರವೂ ತಪ್ಪು. ಯೋನನ ಪುಸ್ತಕದ ಕೊನೆಯ ಅಧ್ಯಾಯ ಓದಿ. ಪ್ರವಾದಿಗೆ ಸಿಟ್ಟು ಬಂದದ್ದು ದೇವರು ನಿನೆವೆಯನ್ನು ಶಿಕ್ಷಿಸಿದ್ದಕ್ಕಲ್ಲ, ಕ್ಷಮಿಸಿದ್ದಕ್ಕೆ. ಯೋನನ ಹೃದಯಕ್ಕೆ ಬಿಟ್ಟಿದ್ದರೆ ಆ ಊರು ಉಳಿಯುತ್ತಿರಲಿಲ್ಲ. ವೈರಿಗಳನ್ನು ಪ್ರೀತಿಸು ಎಂಬ ಆಜ್ಞೆ ಯಾರ ಭಾವನೆಯಿಂದಲೂ ತಾನಾಗಿ ಹುಟ್ಟುವಂಥದ್ದಲ್ಲ.

ಎರಡನೆಯ ಆಕ್ಷೇಪ: ಹಳೆ ಒಡಂಬಡಿಕೆಯ ಕೋಪದ ದೇವರು ನಮಗೆ ಬೇಡ, ಯೇಸುವಿನ ಬೋಧನೆ ಸಾಕು.

ಇದು ಹೊಸ ಮಾತಲ್ಲ. ಎರಡನೆಯ ಶತಮಾನದಲ್ಲೇ ರೋಮಿನಲ್ಲಿ ಮಾರ್ಸಿಯನ್ ಇದನ್ನು ಹೇಳಿದ. ಹಳೆ ಒಡಂಬಡಿಕೆಯನ್ನು ಇಡಿಯಾಗಿ ತಳ್ಳಿಹಾಕಿ, ತಾನೇ ತಿದ್ದಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಉಳಿಸಿಕೊಂಡ. ಕ್ರಿ.ಶ. 144ರಲ್ಲಿ ರೋಮಿನ ಸಭೆ ಅವನನ್ನು ಹೊರಗಿಟ್ಟಿತು. ಆದರೆ ಅವನ ಕತ್ತರಿ ಕೈಯಿಂದ ಕೈಗೆ ದಾಟುತ್ತಲೇ ಬಂತು.

ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1820ರಲ್ಲಿ, ತಮ್ಮ 77ನೆಯ ವಯಸ್ಸಿನಲ್ಲಿ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳ ಹೊಸ ಒಡಂಬಡಿಕೆಗಳನ್ನು ಮುಂದಿಟ್ಟುಕೊಂಡು ತಮ್ಮ ಬುದ್ಧಿಗೆ ಒಪ್ಪಿದ ಭಾಗಗಳನ್ನು ಅಲಗಿನಿಂದ ಕೊಯ್ದು ತೆಗೆದು, ಪಕ್ಕಪಕ್ಕದಲ್ಲಿ ಅಂಟಿಸಿ ಪುಸ್ತಕ ಮಾಡಿದರು. ಅದ್ಭುತಗಳು ಹೊರಗುಳಿದವು, ನೀತಿಬೋಧೆ ಉಳಿಯಿತು. ಸಮಾಧಿಯ ಬಾಗಿಲಿಗೆ ಕಲ್ಲು ಉರುಳಿಸಿ ಜನ ಹೊರಟುಹೋಗುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಜೆಫರ್ಸನ್ನರ ಒಡೆತನದಲ್ಲಿ ಅವರ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನ ಗುಲಾಮರಾಗಿ ದುಡಿದರು. ಸತ್ತು ಹೂತುಹೋದ ಉಪದೇಶಕನನ್ನು ಮೆಚ್ಚಿಕೊಳ್ಳಬಹುದು, ಅವನ ಮುಂದೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಎದ್ದು ಬಂದ ಕರ್ತನಿಗೆ ಎಲ್ಲರೂ ಲೆಕ್ಕ ಒಪ್ಪಿಸಬೇಕು, ಯಜಮಾನನೂ ಸಹ.

ಜರ್ಮನಿಯಲ್ಲಿ ನಡೆದದ್ದು ಇನ್ನೂ ಘೋರ. 1933ರ ನವೆಂಬರಿನಲ್ಲಿ ಬರ್ಲಿನ್ನಿನ ಕ್ರೀಡಾಭವನದಲ್ಲಿ ಸುಮಾರು 20,000 ಜನರ ಮುಂದೆ, ಹಳೆ ಒಡಂಬಡಿಕೆಯನ್ನು ಕಿತ್ತೊಗೆಯಬೇಕೆಂದು ಜರ್ಮನ್ ಕ್ರೈಸ್ತರ ಪಂಗಡದ ಮುಖಂಡನೊಬ್ಬ ಗುಡುಗಿದ. 1939ರಲ್ಲಿ ಐಸೆನಾಖಿನಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಯೇಸು ಯೆಹೂದ್ಯನೆಂಬ ಗುರುತುಗಳನ್ನೆಲ್ಲ ಅಳಿಸಿದ ಹೊಸ ಒಡಂಬಡಿಕೆಯೊಂದನ್ನು ಅದು 1940ರಲ್ಲಿ ಅಚ್ಚು ಹಾಕಿಸಿತು. ಜರ್ಮನ್ ಜನರ ಮನಸ್ಸಿಗೆ ಒಗ್ಗುವ ಯೇಸು ಬೇಕೆಂಬುದೇ ಅವರ ವಾದವಾಗಿತ್ತು. ಅದಕ್ಕೆ ಮೊದಲೇ, 1934ರ ಮೇ ತಿಂಗಳಲ್ಲಿ, ಈ ಪಂಗಡವನ್ನು ವಿರೋಧಿಸಿ ಬಾರ್ಮನ್ನಿನಲ್ಲಿ ಸೇರಿದ ಕ್ರೈಸ್ತರು ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಮುಖ್ಯವಾಗಿ ಬರೆದ ಘೋಷಣೆಯನ್ನು ಅಂಗೀಕರಿಸಿದ್ದರು. ಸಭೆ ಕಿವಿಗೊಡಬೇಕಾದದ್ದು ಸತ್ಯವೇದ ಸಾಕ್ಷಿ ಹೇಳುವ ಕ್ರಿಸ್ತನಿಗೆ ಮಾತ್ರ, ಬೇರೆ ಯಾವ ಶಕ್ತಿಯ ದನಿಗೂ ಅಲ್ಲ ಎಂಬುದು ಅದರ ತಿರುಳು.

ಯೇಸುವಿನ ಬೋಧನೆ ಸಾಕೆನ್ನುವವರು ಒಂದನ್ನು ಗಮನಿಸಲಿ. ಅಡವಿಯಲ್ಲಿ ಸೈತಾನನಿಗೆ ಆತ ಉತ್ತರಿಸಿದ್ದು ಧರ್ಮೋಪದೇಶಕಾಂಡದ ಮಾತುಗಳಿಂದ. ಶಿಲುಬೆಯ ಮೇಲೆ ಕೂಗಿಕೊಂಡದ್ದು ಕೀರ್ತನೆಯ ಮಾತಿನಿಂದ.

ಮೂರನೆಯ ಆಕ್ಷೇಪ: ಗುಲಾಮಗಿರಿಯನ್ನೂ ಜಾತಿಯನ್ನೂ ಸಮರ್ಥಿಸಲು ಗ್ರಂಥವನ್ನೇ ಬಳಸಿದರು. ಆದ್ದರಿಂದ ಮನಸ್ಸಾಕ್ಷಿಯೇ ಗ್ರಂಥವನ್ನು ತೂಗಿ ನೋಡಬೇಕು.

ಬಂದ ಆಕ್ಷೇಪಗಳಲ್ಲೆಲ್ಲ ಭಾರವಾದದ್ದು ಇದು. ದಾಸರು ಯಜಮಾನರಿಗೆ ವಿಧೇಯರಾಗಿರಲಿ ಎಂಬ ಪೌಲನ ಮಾತನ್ನು ತೋಟದ ಮಾಲೀಕರು ಉರುಹೊಡೆಸಿದ್ದು ನಿಜ. ಆದರೆ 1807ರಲ್ಲಿ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಸತ್ಯವೇದದ ಆಯ್ದ ಭಾಗಗಳ ಪುಸ್ತಕವೊಂದು ಅಚ್ಚಾಯಿತು. ಯೋಸೇಫನನ್ನು ಅಣ್ಣಂದಿರು ಮಾರಿ, ಅವನು ಐಗುಪ್ತದಲ್ಲಿ ದಾಸನಾದ ಕಥೆ ಅದರಲ್ಲಿದೆ. ಇಸ್ರಾಯೇಲ್ಯರು ಐಗುಪ್ತದಿಂದ ಬಿಡುಗಡೆಯಾದ ಕಥೆ ಇಲ್ಲ. ಫರೋಹನಿಲ್ಲ, ಕೆಂಪು ಸಮುದ್ರವಿಲ್ಲ. ಪುಟ ತಿರುವಿದರೆ ಜನ ನೇರವಾಗಿ ಸೀನಾಯಿ ಬೆಟ್ಟದ ಬುಡದಲ್ಲಿದ್ದಾರೆ, ಆಜ್ಞೆಗಳನ್ನು ಕೇಳುತ್ತ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆನ್ನುವ ಗಲಾತ್ಯದವರ ಪತ್ರದ ಮಾತೂ ಇಲ್ಲ. ಒಟ್ಟಾರೆ ಹಳೆ ಒಡಂಬಡಿಕೆಯ ಬಹುಪಾಲು, ಹೊಸ ಒಡಂಬಡಿಕೆಯ ಸುಮಾರು ಅರ್ಧ ಭಾಗ ಮಾಯ.

ಇಡೀ ಗ್ರಂಥ ಯಜಮಾನರ ಪರವಾಗಿದ್ದರೆ ಅದನ್ನು ಹೀಗೆ ಕತ್ತರಿಸುವ ಅಗತ್ಯ ಏನಿತ್ತು? ಸಂಪೂರ್ಣ ಗ್ರಂಥ ಗುಲಾಮರ ಕೈ ಸೇರುವುದು ಅಪಾಯವೆಂದು ಬಲ್ಲವರಿಗೆ ಗೊತ್ತಿತ್ತು. ಮನಸ್ಸಾಕ್ಷಿಯ ವಿಷಯಕ್ಕೆ ಬಂದರೆ, ಎಷ್ಟೋ ಮಾಲೀಕರ ಮನಸ್ಸಾಕ್ಷಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು.

ನಮ್ಮ ದಕ್ಷಿಣದಲ್ಲೂ ಹೀಗೇ ಆಯಿತು. ಸಭೆಯೊಳಗೆ ಜಾತಿಭೇದ ಕೂಡದು, ಕರ್ತನ ಮೇಜಿಗೆ ಎಲ್ಲರೂ ಒಟ್ಟಿಗೆ ಬರಬೇಕು ಎಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸುತ್ತೋಲೆ ಹೊರಡಿಸಿದಾಗ ತಮಿಳು ಸೀಮೆಯ ಮೇಲ್ಜಾತಿಯ ಕ್ರೈಸ್ತರಲ್ಲಿ ಅನೇಕರು ಸಭೆಯನ್ನೇ ಬಿಟ್ಟರು. ಪಕ್ಕದಲ್ಲಿ ಕೂತವನ ಬಟ್ಟಲಿನಿಂದ ಕುಡಿಯಲು ಅವರ ಮನಸ್ಸು ಒಪ್ಪಲಿಲ್ಲ. ಅಲ್ಲಿ ಮನಸ್ಸು ಜಾತಿಯ ಪರ ನಿಂತಿತ್ತು, ವಾಕ್ಯ ಪಕ್ಕದವನ ಪರ ನಿಂತಿತ್ತು. ನನ್ನನ್ನು ಎಂದೂ ಎದುರಿಸದ ದೇವರು ನನ್ನಿಂದ ತುಳಿಸಿಕೊಂಡವನ ಪರವಾಗಿ ನಿಲ್ಲುವುದಾದರೂ ಹೇಗೆ? ನಾನು ಹೇಳಬೇಕಾದದ್ದೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ನಾಲ್ಕನೆಯ ಆಕ್ಷೇಪ: ಓದುವವರೆಲ್ಲ ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತಾರೆ, ನೀವೂ ಅಷ್ಟೇ.

ತಪ್ಪಾಗಿ ಓದುವವನಿಗೂ ಹರಿದುಹಾಕುವವನಿಗೂ ಬಹಳ ವ್ಯತ್ಯಾಸವಿದೆ. ತಪ್ಪಾಗಿ ಓದಿದವನನ್ನು ಅದೇ ಪುಟ ನಾಳೆ ತಿದ್ದಬಲ್ಲದು, ಪುಟವನ್ನೇ ತೆಗೆದವನನ್ನು ತಿದ್ದಲು ಏನೂ ಉಳಿದಿರುವುದಿಲ್ಲ. ಬೆರೋಯದ ಜನ ಪೌಲನಂಥವನ ಮಾತನ್ನೂ ದಿನದಿನವೂ ಶಾಸ್ತ್ರಗ್ರಂಥಕ್ಕೆ ಹಿಡಿದು ಪರೀಕ್ಷಿಸಿದರು. ನನ್ನ ಮಾತನ್ನೂ ಹಾಗೆಯೇ ಪರೀಕ್ಷಿಸಿ. ನಾನು ತಲೆಬಾಗಿ ಎನ್ನುತ್ತಿರುವುದು ನನ್ನ ವ್ಯಾಖ್ಯಾನಕ್ಕಲ್ಲ.

ಐದನೆಯ ಆಕ್ಷೇಪ: ನೊಂದವರಿಗೆ ಬೇಕಾದದ್ದು ಸಾಂತ್ವನ. ಅವರ ಭಾವನೆಗಳಿಗೆ ನಿಮ್ಮಲ್ಲಿ ಜಾಗವಿಲ್ಲ.

ಭಾವನೆಗಳಿಗೆ ಸತ್ಯವೇದ ಕೊಟ್ಟಷ್ಟು ಜಾಗವನ್ನು ನಮ್ಮ ಆರಾಧನೆಗಳೇ ಕೊಟ್ಟಿಲ್ಲ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ಯೋಬನು ದೇವರ ಜೊತೆ ವಾದಕ್ಕೇ ನಿಂತ. ಗೆತ್ಸೇಮನೆಯಲ್ಲಿ ಯೇಸು ತನ್ನ ಆಸೆಯನ್ನು ಬಚ್ಚಿಡದೆ ತಂದೆಗೆ ಹೇಳಿದ, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿದ. ದುಃಖವನ್ನು ದೇವರ ಮುಂದೆ ಸುರಿಯಿರಿ. ಆ ದುಃಖದಿಂದಲೇ ದೇವರನ್ನು ರೂಪಿಸಬೇಡಿ. ನನ್ನ ಮನಃಸ್ಥಿತಿಯಿಂದ ಹುಟ್ಟಿದ ದೇವರು ನಾನು ಕುಸಿದ ದಿನ ನನ್ನೊಂದಿಗೇ ಕುಸಿಯುತ್ತಾನೆ. ಮಗುವನ್ನು ಕಳೆದುಕೊಂಡ ತಾಯಿಗೆ ತನ್ನ ಮನಸ್ಸಿನ ಆಚೆ ಗಟ್ಟಿಯಾಗಿ ನಿಂತವನೊಬ್ಬ ಬೇಕು.

ಕೊನೆಗೆ ನಮ್ಮ ಸಭಾಪಾಲಕರಲ್ಲಿ ಒಂದು ಕೋರಿಕೆ. ವರ್ಷದ ಪಾಠಪಟ್ಟಿಯಲ್ಲಿ ಕಠಿಣವಾದ ಭಾಗ ಬಂದ ಭಾನುವಾರ ಅದನ್ನು ಬಿಟ್ಟು ಹಿತವಾದ ಕೀರ್ತನೆಗೆ ಹಾರಬೇಡಿ. ಅದನ್ನು ಪೂರ್ತಿ ಓದಿಸಿ, ಅದರ ಮೇಲೆಯೇ ಪ್ರಸಂಗ ಮಾಡಿ, ತಿಳಿಯದ ಕಡೆ ತಿಳಿಯದು ಎಂದೇ ಹೇಳಿ. ಆಕ್ಷೇಪ ಎತ್ತಿದವರೂ ಅಂದು ತಪ್ಪದೆ ಬನ್ನಿ. ಒಂದು ಪುಟವನ್ನೂ ಕೀಳದೆ, ಇಡೀ ಗ್ರಂಥವನ್ನು ನಡುವೆ ಇಟ್ಟುಕೊಂಡು ವಾದ ಮುಂದುವರಿಸೋಣ.