ರವದಿಗೆ ಹಚ್ಚುವ ಬೆಂಕಿ ಮತ್ತು ಕಣ್ಣಿಗೆ ಕಾಣದ ಕಾಯಕಜೀವಿಗಳು

ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಏರುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಸಂಜೆಯಾದೊಡನೆ ಕಟಾವಾದ ಹೊಲಗಳಲ್ಲಿ ರವದಿಗೆ ಬೆಂಕಿ. ಬೆಳಗಾಗುವಷ್ಟರಲ್ಲಿ ಅಂಗಳದಲ್ಲಿಯೂ ಒಣಹಾಕಿದ ಬಟ್ಟೆಗಳ ಮೇಲೆಯೂ ಕರಿಯ ಬೂದಿಯ ಎಳೆಗಳು ಬಿದ್ದಿರುತ್ತವೆ. ಆ ದಿನಗಳಲ್ಲಿಯೇ ದಮ್ಮು, ಕೆಮ್ಮು, ಎದೆಬಿಗಿತವೆಂದು ನನ್ನ ಚಿಕಿತ್ಸಾಲಯಕ್ಕೆ ಬರುವ ವೃದ್ಧರೂ ಮಕ್ಕಳೂ ಹೆಚ್ಚುತ್ತಾರೆ. ಚರಕಸಂಹಿತೆಯು ಶ್ವಾಸರೋಗದ ಕಾರಣಗಳನ್ನು ಹೇಳುವಾಗ ಧೂಳನ್ನೂ ಹೊಗೆಯನ್ನೂ ಎಣಿಸಿದೆ. ರೋಗದ ಕಾರಣವನ್ನು ತೊರೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆ ಎಂಬುದು ಆಯುರ್ವೇದದ ನಿಲುವು. ಕಾರಣ ಊರಿನ ಸುತ್ತಲೂ ಉರಿಯುತ್ತಿರುವಾಗ ವಾಸಾವಲೇಹವನ್ನೋ ಸಿತೋಪಲಾದಿ ಚೂರ್ಣವನ್ನೋ ಕೊಟ್ಟು ಕಳುಹಿಸುವ ವೈದ್ಯನು ಅರ್ಧ ಕೆಲಸವನ್ನು ಮಾತ್ರ ಮಾಡಿದಂತಾಗುತ್ತದೆ. ಉಳಿದರ್ಧವು ಹೊಲದಲ್ಲಿದೆ. ಆದುದರಿಂದ ಆರೋಗ್ಯ ವಿಭಾಗದ ಈ ಲೇಖನವು ಹೊಲದಿಂದಲೇ ಆರಂಭವಾಗಬೇಕಾಗಿದೆ.

ಈಗ ಜೈವಿಕ ತಂತ್ರಜ್ಞಾನದ ಮಾತು ಎಲ್ಲೆಡೆ ಕೇಳಿಬರುತ್ತಿದೆ. 2025ರ ಮೇ ತಿಂಗಳಲ್ಲಿ ನಮ್ಮ ದೇಶದ ವಿಜ್ಞಾನಿಗಳು ವಂಶವಾಹಿಯನ್ನು ತಿದ್ದಿ ರೂಪಿಸಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರಕಾರವು ಪ್ರಕಟಿಸಿತು. ಇಂತಹ ಸುದ್ದಿ ಬಂದಾಗ ಕೆಲವರು ಇನ್ನು ಎಲ್ಲ ಕಷ್ಟವೂ ತೀರಿತೆನ್ನುತ್ತಾರೆ. ಇನ್ನು ಕೆಲವರು ಇದು ಸೃಷ್ಟಿಗೆ ಕೈ ಹಾಕುವ ಪಾಪವೆನ್ನುತ್ತಾರೆ. ಮತ್ತೆ ಕೆಲವರು, ನನ್ನ ವೃತ್ತಿಯವರೂ ಸೇರಿ, ಇದೆಲ್ಲ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಆಗಲೇ ಇತ್ತೆನ್ನುತ್ತಾರೆ. ಈ ಮೂರು ಮಾತುಗಳೂ ನನಗೆ ಒಪ್ಪಿಗೆಯಾಗಿಲ್ಲ. ಜೀವಿಗಳಿಂದ ನಮಗೆ ಬೇಕಾದ ಕೆಲಸವನ್ನು ಮಾಡಿಸಿಕೊಳ್ಳುವ ವಿದ್ಯೆಯೇ ಜೈವಿಕ ತಂತ್ರಜ್ಞಾನ. ಪ್ರಯೋಗಾಲಯವು ಆ ಜೀವಿಯನ್ನು ಗುರುತಿಸಿ ಕೊಡಬಲ್ಲದು. ಅದು ಬದುಕಿ ಕೆಲಸ ಮಾಡಲು ಬೇಕಾದ ನೆಲೆಯನ್ನು ನಾವೇ ಕೊಡಬೇಕು. ನೆಲೆ ಕೊಟ್ಟಲ್ಲಿ ಅದು ಗೆದ್ದಿದೆ, ಕೊಡದಿದ್ದಲ್ಲಿ ಸೋತಿದೆ.

ಗೆದ್ದ ಉದಾಹರಣೆಯನ್ನು ನಮ್ಮ ಹಿರಿಯ ರೈತರು ಕಣ್ಣಾರೆ ಕಂಡಿದ್ದಾರೆ. 2002ರಲ್ಲಿ ಮಹಾರಾಷ್ಟ್ರದ ಸಾಂಗಲಿ ಕಡೆಯಿಂದ ಕಬ್ಬಿನ ಬಿಳಿ ಉಣ್ಣೆ ಹೇನು ಉತ್ತರ ಕರ್ನಾಟಕಕ್ಕೆ ಹಬ್ಬಿತು. ಎಲೆಯ ಕೆಳಗೆ ಅರಳೆ ಅಂಟಿಸಿದಂತೆ ಹೇನು, ಕೆಳಗಿನ ಎಲೆಗಳ ಮೇಲೆ ಅಂಟು, ಅದರ ಮೇಲೆ ಮಸಿಯಂತಹ ಬೂಷ್ಟು. ಆಳೆತ್ತರ ಬೆಳೆದ ಕಬ್ಬಿನೊಳಗೆ ಹೊಕ್ಕು ಎಣ್ಣೆ ಹೊಡೆಯುವುದು ದುಸ್ತರವಾಗಿತ್ತು. ಹೊಡೆದರೂ ಹೇನಿನೊಡನೆ ಅದನ್ನು ತಿನ್ನುವ ಮಿತ್ರಕೀಟಗಳೂ ಸಾಯುತ್ತಿದ್ದವು. ಆಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಜೈವಿಕ ನಿಯಂತ್ರಣ ಸಂಸ್ಥೆಯ ವಿಜ್ಞಾನಿಗಳು ಡೈಫಾ ಎಂಬ ಪತಂಗದ ಹುಳುವನ್ನೂ ಮೈಕ್ರೋಮಸ್ ಎಂಬ ಚಿಕ್ಕ ಕೀಟವನ್ನೂ ಮುಂದಿಟ್ಟರು. ಇವೆರಡಕ್ಕೂ ಉಣ್ಣೆ ಹೇನೇ ಆಹಾರ. ಇವುಗಳನ್ನು ಬೆಳೆಸಿ ಹೊಲಗಳಿಗೆ ಬಿಡಲಾಯಿತು. ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟು ಕಾದ ರೈತನ ಹೊಲದಲ್ಲಿ ಅವು ಮರಿಮಾಡಿ ಹಬ್ಬಿದವು. ಕಾಯಲಾರದೆ ಮತ್ತೆ ಮತ್ತೆ ಸಿಂಪಡಿಸಿದಲ್ಲಿ ಅವುಗಳಿಗೆ ಉಳಿಗಾಲವಿರಲಿಲ್ಲ.

ಸೋತ ಉದಾಹರಣೆಯೂ ಅದೇ ವರ್ಷದಲ್ಲಿ ಆರಂಭವಾಯಿತು. ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ದೊರೆತದ್ದು 2002ರಲ್ಲಿಯೇ. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಗುಣವನ್ನು ಹತ್ತಿಗೆ ಸೇರಿಸಿದ ಆ ತಳಿಯು ಮೊದಲ ವರ್ಷಗಳಲ್ಲಿ ಕಾಯಿಕೊರಕದಿಂದ ಬೆಳೆಯನ್ನು ಉಳಿಸಿತು. ಹುಳುಗಳಿಗೆ ಸಹನಶಕ್ತಿ ಬಾರದಂತೆ ಹೊಲದ ಅಂಚಿನಲ್ಲಿ ಸಾದಾ ಹತ್ತಿಯ ಸಾಲುಗಳನ್ನು ಬಿತ್ತಬೇಕೆಂಬ ನಿಯಮವಿತ್ತು. ಬಹುತೇಕರು ಅದನ್ನು ಪಾಲಿಸಲಿಲ್ಲ. ಕೆಲವು ವರ್ಷಗಳಲ್ಲಿ ಗುಲಾಬಿ ಕಾಯಿಕೊರಕವು ಬಿಟಿಯನ್ನೇ ಜಯಿಸಿತು. ಆ ಸೋಲಿನಲ್ಲಿ ಶಿಸ್ತನ್ನು ಬಿಟ್ಟ ನಮ್ಮ ಪಾಲೂ ಇದೆ.

ಈ ಎರಡು ಪಾಠಗಳನ್ನು ರವದಿಗೆ ಅನ್ವಯಿಸಿ ನೋಡೋಣ. ಒಂದು ಎಕರೆ ಕಬ್ಬಿನಿಂದ ಸುಮಾರು 3ರಿಂದ 4 ಟನ್ ರವದಿ ಬೀಳುತ್ತದೆ. ಅದಕ್ಕೆ ಬೆಂಕಿ ಇಟ್ಟರೆ ಅದರೊಳಗಿನ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಮೇಲ್ಮಣ್ಣಿನ ಅಣುಜೀವಿಗಳೂ ಅಡಗಿದ್ದ ಮಿತ್ರಕೀಟಗಳೂ ಸುಡುತ್ತವೆ. ಉಳಿದ ಸೂಕ್ಷ್ಮ ಕಣಗಳು ನಮ್ಮ ಶ್ವಾಸಕೋಶವನ್ನು ಸೇರುತ್ತವೆ. ಕಳೆದುಕೊಂಡದ್ದನ್ನು ಮರುವಾರ ಯೂರಿಯಾ ಚೀಲದ ರೂಪದಲ್ಲಿ ಹಣ ಕೊಟ್ಟು ತರುತ್ತೇವೆ.

ಅದೇ ರವದಿಯನ್ನು ಕರಗಿಸಬಲ್ಲ ಶಿಲೀಂಧ್ರಗಳನ್ನು ವಿಜ್ಞಾನಿಗಳು ಗುರುತಿಸಿ ಬೆಳೆಸಿ ಕೊಡುತ್ತಿದ್ದಾರೆ. ಟ್ರೈಕೋಡರ್ಮಾ ಅವುಗಳಲ್ಲಿ ಒಂದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಭತ್ತದ ಕೂಳೆಗಾಗಿ ರೂಪಿಸಿದ ಪೂಸಾ ಡಿಕಂಪೋಸರ್ ಕೂಡ ಇಂತಹ ಶಿಲೀಂಧ್ರಗಳ ಮಿಶ್ರಣವೇ. ಪಂಜಾಬ, ಹರಿಯಾಣದ ರೈತರಿಗೆ ಒಂದು ತೊಡಕಿದೆ: ಭತ್ತ ಕೊಯ್ದು ಗೋಧಿ ಬಿತ್ತುವ ನಡುವೆ ಅವರಿಗೆ ದೊರೆಯುವ ದಿನಗಳು ಬಹಳ ಕಡಿಮೆ, ಶಿಲೀಂಧ್ರಕ್ಕೆ ವಾರಗಟ್ಟಲೆ ಕಾಲಾವಕಾಶ ಬೇಕು. ನಮಗೆ ಆ ಆತುರವಿಲ್ಲ. ಕುಳೆ ಕಬ್ಬು ತಿಂಗಳುಗಟ್ಟಲೆ ಹೊಲದಲ್ಲಿಯೇ ಇರುತ್ತದೆ. ಸಾಲುಗಳ ನಡುವೆ ಹರಡಿದ ರವದಿಯು ನಿಧಾನವಾಗಿ ಕೊಳೆಯುತ್ತ, ಕಸವನ್ನು ತಡೆಯುತ್ತ, ತೇವವನ್ನು ಕಾಯುತ್ತ ಗೊಬ್ಬರವಾಗುತ್ತದೆ. ಉತ್ತರದವರಿಗೆ ಇಲ್ಲದ ಕಾಲವು ನಮಗಿದ್ದೂ ನಾವು ಬೆಂಕಿ ಹಚ್ಚುತ್ತಿರುವುದು ವಿಷಾದದ ಸಂಗತಿ.

ರೈತರ ಅಡಚಣೆಗಳನ್ನು ನಾನು ಬಲ್ಲೆ. ರವದಿ ಹರಡಿದ ಹೊಲದಲ್ಲಿ ನೀರು ಹಾಯಿಸುವುದು ಕಷ್ಟ, ಹಾವು-ಇಲಿಗಳ ಭಯ, ಆಳಿನ ಕೊರತೆ, ಪಕ್ಕದ ಹೊಲದ ಬೆಂಕಿ ನಮ್ಮ ಹೊಲಕ್ಕೂ ಹಾರುವ ಆತಂಕ. ರವದಿಯನ್ನು ಪುಡಿಮಾಡುವ ಟ್ರ್ಯಾಕ್ಟರ್ ಯಂತ್ರವನ್ನು ಹತ್ತು ಜನ ಕೂಡಿ ಬಾಡಿಗೆಗೆ ತಂದರೆ ಈ ತೊಡಕುಗಳಲ್ಲಿ ಹಲವು ಹಗುರವಾಗುತ್ತವೆ. ಪುಡಿಯಾದ ರವದಿಯ ಮೇಲೆ ಸಗಣಿಯ ರಾಡಿಯನ್ನೋ ಸ್ವಲ್ಪ ಯೂರಿಯಾವನ್ನೋ ಶಿಲೀಂಧ್ರದ ಜೊತೆ ಕೊಡಬೇಕು. ಒಣ ರವದಿಯಲ್ಲಿ ಸಾರಜನಕ ಬಹಳ ಕಡಿಮೆ. ಅದನ್ನು ಒದಗಿಸದಿದ್ದರೆ ಅಣುಜೀವಿಗಳು ಬೆಳೆಯ ಪಾಲನ್ನೇ ತೆಗೆದುಕೊಂಡು ಕಬ್ಬು ಹಳದಿಯಾಗುತ್ತದೆ. ಹದವಾದ ತೇವವೂ ಬೇಕು. ಆದರೆ ಅತಿಯಾಗಿ ನೀರು ಹಾಯಿಸಿ ಸವಳು-ಜವಳಾದ ಭೂಮಿಯಲ್ಲಿ ಯಾವ ಡಬ್ಬಿಯ ಜೀವಾಣುವೂ ಸರಿಯಾಗಿ ಕೆಲಸ ಮಾಡದು. ಕೆಂಪುಕೊಳೆಯಂತಹ ರೋಗವಿದ್ದ ಹೊಲದವರು ಮಾತ್ರ ಕೃಷಿ ಅಧಿಕಾರಿಗಳನ್ನು ಕೇಳಿಯೇ ಮುಂದುವರಿಯಲಿ.

ನೀರಿನ ವಿಷಯದಲ್ಲಿಯೂ ಇದೇ ಮಾತು. ರಬಕವಿ-ಬನಹಟ್ಟಿ ನೇಕಾರರ ಊರು. ನೂಲಿದ್ದಲ್ಲಿ ಬಣ್ಣವಿರುತ್ತದೆ, ಬಣ್ಣವಿದ್ದಲ್ಲಿ ಬಣ್ಣದ ನೀರಿರುತ್ತದೆ. ಕೃತಕ ಬಣ್ಣಗಳನ್ನು ಒಡೆಯಬಲ್ಲ ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಇವೆಯೆಂದು ಸಂಶೋಧನೆಗಳು ತೋರಿಸಿವೆ. ಆದರೆ ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ತಿಳಿಯಬಾರದು. ಗಾಳಿಯಿಲ್ಲದ ತೊಟ್ಟಿಯಲ್ಲಿ ಕೆಲವು ಬಣ್ಣಗಳು ಒಡೆದಾಗ ಹುಟ್ಟುವ ವಸ್ತುಗಳು ಬಣ್ಣಕ್ಕಿಂತ ಹೆಚ್ಚು ಅಪಾಯಕಾರಿ; ಅವುಗಳನ್ನು ಕರಗಿಸಲು ಗಾಳಿಯಾಡುವ ಎರಡನೆಯ ತೊಟ್ಟಿ ಬೇಕು. ಒಬ್ಬೊಬ್ಬ ನೇಕಾರನಿಂದ ಆಗುವ ಕೆಲಸ ಇದಲ್ಲ. ಹಲವು ಘಟಕಗಳಿಗೆ ಸೇರಿ ಒಂದೇ ಶುದ್ಧೀಕರಣ ವ್ಯವಸ್ಥೆ ಇರಬೇಕು, ಅದನ್ನು ನಿತ್ಯ ನಡೆಸುವ ಹೊಣೆಗಾರರೂ ಇರಬೇಕು.

ಕೊನೆಯದಾಗಿ ಭಕ್ತರ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಮಾತು. ಇನ್ಸುಲಿನ್ ಪ್ರಾಣಿಜನ್ಯವೆಂದು ಕೇಳಿ, ಲಿಂಗಧಾರಿಗಳಾದ ನಾವು ಅದನ್ನು ಹೇಗೆ ತೆಗೆದುಕೊಳ್ಳುವುದೆಂದು ಹಿಂಜರಿಯುವ ಹಿರಿಯರನ್ನು ನಾನು ಕಂಡಿದ್ದೇನೆ. ಒಂದು ಕಾಲದಲ್ಲಿ ಅದು ನಿಜವಾಗಿತ್ತು. ದನ ಮತ್ತು ಹಂದಿಯ ಮೇದೋಜ್ಜೀರಕ ಗ್ರಂಥಿಯಿಂದ ಅದನ್ನು ತೆಗೆಯುತ್ತಿದ್ದರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ ಅಮೆರಿಕದಲ್ಲಿ ಬಳಕೆಗೆ ಬಂತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಯೀಸ್ಟ್ ಜೀವಾಣುವಿನಿಂದ ಇನ್ಸುಲಿನ್ ತಯಾರಿಸಿ ಹೊರತಂದಿತು. ಇಂದು ನಮ್ಮ ಔಷಧದ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಹೀಗೆ ಅಣುಜೀವಿಗಳಿಂದ ಮಾಡಿದ ಇನ್ಸುಲಿನ್. ಅದಕ್ಕಾಗಿ ದನವನ್ನಾಗಲಿ ಹಂದಿಯನ್ನಾಗಲಿ ಕೊಲ್ಲಬೇಕಾಗಿಲ್ಲ. ಆಯುರ್ವೇದದ ವೈದ್ಯನಾಗಿಯೇ ಹೇಳುತ್ತೇನೆ: ಇನ್ಸುಲಿನ್ ಅನಿವಾರ್ಯವಾದ ರೋಗಿಗೆ, ವಿಶೇಷವಾಗಿ ಬಾಲ್ಯದಲ್ಲಿಯೇ ಮಧುಮೇಹ ಬಂದ ಮಕ್ಕಳಿಗೆ, ಅದರ ಸ್ಥಾನವನ್ನು ತುಂಬುವ ಕಷಾಯವಾಗಲಿ ಚೂರ್ಣವಾಗಲಿ ನಮ್ಮಲ್ಲಿ ಇಲ್ಲ. ಇದೆಯೆಂದು ಹೇಳಿ ಸೂಜಿಯನ್ನು ಬಿಡಿಸುವವರನ್ನು ನಂಬಬೇಡಿ. ಪಥ್ಯ, ನಡಿಗೆ, ದಿನಚರಿಗಳಲ್ಲಿ ಆಯುರ್ವೇದವು ನೆರವಾಗಬಲ್ಲದು. ಅದರ ಮಿತಿಯನ್ನು ಒಪ್ಪಿಕೊಂಡರೆ ಅದರ ಗೌರವಕ್ಕೆ ಕುಂದಾಗದು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ವಿಚಾರವಿದೆ. ಗಾಳಿ, ನೀರು, ನೆಲ, ಕಾಲ ಇವು ಕೆಟ್ಟಾಗ ಬೇರೆ ಬೇರೆ ಪ್ರಕೃತಿಯ ಜನರೂ ಒಟ್ಟಿಗೆ ರೋಗಕ್ಕೀಡಾಗುತ್ತಾರೆ. ಅವು ಕೆಡಲು ಮೂಲವು ಮನುಷ್ಯರ ತಪ್ಪು ನಡೆಯೇ ಎಂದು ಅಲ್ಲಿ ಹೇಳಿದೆ. ಚರಕರು ಬ್ಯಾಕ್ಟೀರಿಯಾವನ್ನು ಕಂಡಿದ್ದರೆಂದು ನಾನು ಹೇಳಲಾರೆ. ಆದರೆ ಈ ಎಚ್ಚರಿಕೆ ನಮ್ಮ ನಾಲ್ಕು ತಾಲೂಕುಗಳಿಗಾಗಿಯೇ ಬರೆದಂತಿದೆ.

ಕಾಯಕವನ್ನು ಪೂಜೆಯೆಂದು ತಿಳಿದ ಪರಂಪರೆ ನಮ್ಮದು. ಮಣ್ಣೊಳಗೆ ಕೂಲಿ ಬೇಡದೆ ದುಡಿಯುವ ಜೀವಿಗಳನ್ನು ಬೆಂಕಿಗೆ ಹಾಕುವುದು ಈ ಪರಂಪರೆಗೆ ಒಪ್ಪುವುದಿಲ್ಲ. ಎಲ್ಲ ಹೊಲವನ್ನೂ ಒಂದೇ ವರ್ಷದಲ್ಲಿ ಬದಲಿಸಿರೆಂದು ನಾನು ಕೇಳುವುದಿಲ್ಲ. ಈ ಹಂಗಾಮಿನಲ್ಲಿ ಪ್ರತಿಯೊಬ್ಬ ಕಬ್ಬು ಬೆಳೆಗಾರ ಭಕ್ತನೂ ಒಂದು ಎಕರೆಯ ರವದಿಯನ್ನು ಸುಡದೆ ಉಳಿಸಲಿ. ಕುಳೆ ಬೆಳೆ ಕಟಾವಾಗುವವರೆಗೆ ನೀರು, ಕಸ, ಗೊಬ್ಬರದ ಲೆಕ್ಕವನ್ನು ಬರೆದಿಟ್ಟು, ಸುಟ್ಟ ಹೊಲದ ಲೆಕ್ಕದೊಡನೆ ಹೋಲಿಸಲಿ. ಮುಂದಿನ ಜಾತ್ರೆಯಲ್ಲಿ ಮಠದ ಆವರಣದಲ್ಲಿ ಕುಳಿತು ಆ ಲೆಕ್ಕಗಳನ್ನು ಒಟ್ಟಿಗೆ ನೋಡೋಣ. ಬೂದಿ ಬೀಳದ ಅಂಗಳದಲ್ಲಿ ನಮ್ಮ ಮಕ್ಕಳು ಕೆಮ್ಮಿಲ್ಲದೆ ಆಡಿದರೆ, ನನ್ನ ಚಿಕಿತ್ಸಾಲಯದ ಸರದಿ ಅಷ್ಟು ಮೊಟಕಾದರೆ, ಈ ಮುದಿ ವೈದ್ಯನಿಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ.