ಅಳತೆ ಪುಸ್ತಕದಲ್ಲಿ ಬಾರದ ಕಾಯಕ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಇಂಜಿನಿಯರ್ ಆಗಿ ದುಡಿದವನು ನಾನು. ನಮ್ಮ ಇಲಾಖೆಯಲ್ಲಿ ಎಂ.ಬಿ., ಅಂದರೆ ಅಳತೆ ಪುಸ್ತಕ, ಬಹಳ ದೊಡ್ಡದು. ಕಾಲುವೆ ಎಷ್ಟು ಅಗೆದರು, ಗೋಡೆ ಎಷ್ಟು ಎತ್ತಿದರು ಎಂಬುದೆಲ್ಲ ಅದರಲ್ಲಿ ಬರಬೇಕು. ಬರದ ಕೆಲಸಕ್ಕೆ ಬಿಲ್ಲಿಲ್ಲ. ಅಂಥ ನಾನು ನನ್ನ ಹಡೆದವ್ವನ ಕೆಲಸವನ್ನು ಎಲ್ಲಿಯೂ ಬರೆಯಲಿಲ್ಲ. ಆ ತಪ್ಪನ್ನು ಶರಣಬಂಧುಗಳ ಮುಂದೆ ಒಪ್ಪಿಕೊಳ್ಳಲು ಈ ಲೇಖನ.

ಮೂರು ವರ್ಷದ ಹಿಂದೆ ಬೋರಗಾಂವದಲ್ಲಿ ಅವ್ವ ಲಿಂಗೈಕ್ಯಳಾದಳು. ಪತ್ರಿಕೆಗೆ ನಾನೇ ಸುದ್ದಿ ಬರೆದುಕೊಟ್ಟೆ. ನಿವೃತ್ತ ಇಂಜಿನಿಯರರ ತಾಯಿ, ಗೃಹಿಣಿ, ವಯಸ್ಸು 84, ಇಷ್ಟು ಮಕ್ಕಳು, ಇಷ್ಟು ಮೊಮ್ಮಕ್ಕಳು. ಮರುದಿನ ಓಣಿಯ ಹೆಣ್ಣುಮಗಳೊಬ್ಬಳು ಬಂದು ಕೇಳಿದಳು: "ಅಣ್ಣಾರ, ಎಲ್ಲಾ ಬರದೀರಿ. ಅವ್ವಾರ ಕೌದಿ ಸುದ್ದಿ ಯಾಕ ಬರೀಲಿಲ್ರಿ?" ನನ್ನ ಹತ್ತಿರ ಉತ್ತರವಿರಲಿಲ್ಲ.

ಅವ್ವನ ಕೌದಿ ನಮ್ಮ ಪಡಸಾಲೆಯಲ್ಲಿ ಹೊಲಿಯುತ್ತಿದ್ದುದು. ಹಳೆಯ ಸೀರೆ, ಧೋತರ, ಕುಬಸದ ತುಂಡು, ಇಚಲಕರಂಜಿಯಿಂದ ಯಾರಾದರೂ ತಂದ ಚಿಂದಿ, ಎಲ್ಲ ಸೇರಿಸಿ ಪದರು ಹಾಸುತ್ತಿದ್ದಳು. ಮಧ್ಯಾಹ್ನ ರೊಟ್ಟಿ ಕೆಲಸ ಮುಗಿದ ಮೇಲೆ ಐದಾರು ಮಂದಿ ಸುತ್ತ ಕೂತು ಹೊಲಿಯುವರು. ಒಬ್ಬಾಕೆ ವಚನ ಓದುವಳು, ಉಳಿದವರ ಕೈ ನಡೆಯುತ್ತಿತ್ತು. ಶಾಲೆ ಬಿಟ್ಟ ಹುಡುಗಿಯರು ಅಕ್ಷರ ಮರೆಯದೆ ಉಳಿದದ್ದು ಅಲ್ಲಿಯೇ. ಕೌದಿ ಮಾರಿದ ದುಡ್ಡು ಬಡ ಹುಡುಗಿಯರ ಪರೀಕ್ಷೆ ಫೀಜಿಗೆ ಹೋಗುತ್ತಿತ್ತು.

ಒಮ್ಮೆ ಬೇರೆ ಕೇರಿಯ ಹೆಣ್ಣುಮಗಳು ಬಂದು ಕೂತಾಗ ನಮ್ಮ ಅತ್ತೆ ಮುಖ ಸಿಂಡರಿಸಿದಳು. ಅವ್ವ ಸೂಜಿ ಎತ್ತದೆ ಹೇಳಿದಳು: "ವೈನಿ, ಈ ಕೌದ್ಯಾಗ ಯಾರ ಸೀರಿ ಯಾವುದು ಅಂತ ಆರಿಸಿ ತಗೀರಿ ನೋಡೂನು." ಅತ್ತೆ ಮಾತಾಡಲಿಲ್ಲ. ಆ ಹೆಣ್ಣುಮಗಳು ಮುಂದೆ ತಪ್ಪದೆ ಬಂದಳು. ಗಂಡ ತೀರಿಕೊಂಡವರನ್ನು ಮಂಗಲ ಕಾರ್ಯದಲ್ಲಿ ಮೂಲೆಗೆ ಕೂಡಿಸುವುದನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದವಳೂ ಅವ್ವ. ನನ್ನ ತಂಗಿಯ ಮದುವೆಯಲ್ಲಿ ಮೊದಲ ಉಡಿ ತುಂಬಿದ್ದು ವಿಧವೆಯಾಗಿದ್ದ ನಮ್ಮ ಚಿಕ್ಕವ್ವನಿಗೆ. ಅದಕ್ಕಾಗಿ ಅವ್ವ ಬಂಧುಗಳಿಂದ ಬೈಸಿಕೊಂಡಳು. ಆಗ ನಾನು ಕೂಡ "ಯಾಕ ಬೇಕವ್ವ ಇದು" ಅಂದವನೇ.

ಕಸೂತಿಯನ್ನೂ ಬಲ್ಲವಳು. ಗಾವಂತಿ, ಮುರಗಿ ಹೊಲಿಗೆಯಲ್ಲಿ ಗಂಟು ಹಾಕುವುದಿಲ್ಲ, ಬಟ್ಟೆಯ ಹಿಂದೆ ಮುಂದೆ ಒಂದೇ ರೂಪ. ಹುಡುಗಿಯರಿಗೆ ಕಲಿಸುವಾಗ "ತಿರುವಿ ತೋರ್ಸು" ಅನ್ನುತ್ತಿದ್ದಳು. ನುಡಿ ಒಂದು ನಡೆ ಒಂದು ಆಗಬಾರದೆಂದು ಸಭೆಗಳಲ್ಲಿ ನಾವು ಗಂಟೆಗಟ್ಟಲೆ ಹೇಳುವುದನ್ನು ಆಕೆ ಒಂದು ಮಾತಿನಲ್ಲಿ ಮುಗಿಸುತ್ತಿದ್ದಳು.

2019ರ ಆಗಸ್ಟ್‌ನಲ್ಲಿ ದೂಧಗಂಗೆ, ವೇದಗಂಗೆ, ಕೃಷ್ಣೆ ಒಟ್ಟಿಗೆ ಉಕ್ಕಿದವು. ನಾನು ಫೋನಿನಲ್ಲಿ ನೀರಿನ ಮಟ್ಟ, ಹರಿವಿನ ಲೆಕ್ಕ ಹೇಳುತ್ತ ಕೂತಿದ್ದೆ. ಕಣ್ಣು ಮಂಜಾಗಿದ್ದ ಅವ್ವ ಟ್ರಂಕು ತೆಗೆಸಿ, ಇದ್ದ ಕೌದಿಗಳನ್ನೆಲ್ಲ ಕಾಳಜಿ ಕೇಂದ್ರಕ್ಕೆ ಕಳಿಸಿದಳು. ನನ್ನ ಮಗಳಿಗೆಂದು ಇಟ್ಟಿದ್ದದ್ದೂ ಹೋಯಿತು. "ಇವಳಿಗೆ ಮನಿ ಐತಿ" ಅಂದಳು, ಅಷ್ಟೇ.

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು ಇಲ್ಲಿ ನೆನೆಯಬೇಕು. 1912ರಲ್ಲಿ ಹುಟ್ಟಿದ ತಾಯಿ ನಮ್ಮ ಹಾಗೆಯೇ ಗಡಿಯವರು. ಓದಿದ್ದು ಮರಾಠಿ, ಮನೆಮಾತು ಕನ್ನಡ. ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿ ದೊಡ್ಡ ಸಂಸಾರ ಹೊತ್ತವರು. ಆ ಸಂಸಾರದ ನಡುವೆಯೇ ಗಡಿಯಲ್ಲಿ ಕನ್ನಡಕ್ಕಾಗಿ ಹೋರಾಡಿದರು, ವಚನಗಳನ್ನು ಮರಾಠಿಗೆ ತಂದರು, ಸಿದ್ಧರಾಮ ಪುರಾಣ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಮಹಿಳೆ ಅವರು. ಕೊನೆಯ ವರ್ಷಗಳನ್ನು ಬಸವಕಲ್ಯಾಣದಲ್ಲಿ ಕಳೆದು 1986ರಲ್ಲಿ ಲಿಂಗೈಕ್ಯರಾದರು. ಸಂಸಾರ ಬೇರೆ, ಸಮಾಜ ಬೇರೆ ಎಂಬ ಮಾತಿಗೆ ಅವರ ಬಾಳೇ ಉತ್ತರ. ಅವರನ್ನು ನಾವು ಮರೆಯಲಿಲ್ಲ, ಏಕೆಂದರೆ ಅವರ ಪುಸ್ತಕಗಳು ಉಳಿದವು. ಪುಸ್ತಕ ಬರೆಯದೆ ಅದೇ ಕೆಲಸವನ್ನು ಸೂಜಿ ಹಿಡಿದು ಮಾಡಿದ ಊರೂರ ತಾಯಂದಿರ ಗತಿ ಏನು? ಕೌದಿ ಹರಿದು ಹೋಗುತ್ತದೆ, ಹೆಸರೂ ಹೋಗುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಹೀಗಿರಲಿಲ್ಲ. ನೂಲುವ ಕದಿರೆ ರೆಮ್ಮವ್ವೆಯ, ಸೂಜಿಕಾಯಕದ ರಾಮಿತಂದೆಯ ಹೆಸರಿನಲ್ಲಿಯೇ ಕಾಯಕವಿದೆ. ಗಂಡ ಹೆಚ್ಚು ಅಕ್ಕಿ ಆಯ್ದು ತಂದಾಗ ತಿರುಗಿ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನನ್ನು ಯಾರೂ ಬರಿ ಮಾರಯ್ಯನ ಹೆಂಡತಿ ಎಂದು ಕರೆಯಲಿಲ್ಲ. ಅವರ ವಚನಗಳನ್ನು ಹಾಡುವ ನಾವು ನಮ್ಮ ತಾಯಿಯನ್ನು ಮಾತ್ರ "ಇಂಥವರ ತಾಯಿ" ಎಂದು ಬರೆಯುತ್ತೇವೆ. ಜಾತ್ರೆ, ಶಿಬಿರ, ದಾಸೋಹ ಎಂದರೆ ಹೆಣ್ಣುಮಕ್ಕಳು ಬೇಕು. ಸಮಿತಿ ಪಟ್ಟಿ ಓದುವಾಗ ಅವರ ಹೆಸರು ಬರುವುದು ಅಪರೂಪ. ತ್ಯಾಗಮಯಿ, ಸಾಧ್ವಿ ಎಂದು ಹೊಗಳಿದರೆ ಈ ಸಾಲ ತೀರುವುದಿಲ್ಲ. ಹೊಗಳಿಕೆ ಬಿಟ್ಟಿ ಸಿಗುತ್ತದೆ. ಲೆಕ್ಕ ಬರೆಯಲು ಮಾತ್ರ ಕೂತು ಕೇಳಬೇಕಾಗುತ್ತದೆ.

ಅದಕ್ಕೆ ಪೂಜ್ಯರಲ್ಲಿಯೂ ಬಸವ ಬಳಗದವರಲ್ಲಿಯೂ ಎರಡು ವಿನಂತಿ. ಮೊದಲನೆಯದು, ಪ್ರತಿ ಮಠದಲ್ಲಿ ಒಂದು ದಫ್ತರ ಇಡಿ. ಊರಿನ ಹಿರಿಯ ತಾಯಂದಿರ ಹೆಸರು, ಅವರ ಕಾಯಕ, ಅವರು ಮುರಿದ ಕಟ್ಟುಪಾಡು, ಕಲಿಸಿದ ಮಕ್ಕಳು, ಇಷ್ಟನ್ನು ಅವರು ಇರುವಾಗಲೇ ಅವರ ಬಾಯಿಂದ ಕೇಳಿ ಬರೆಯಿರಿ. ಎರಡನೆಯದು, ಸಮಿತಿ ರಚಿಸುವಾಗ ಆ ದಫ್ತರ ಮುಂದಿಟ್ಟುಕೊಳ್ಳಿ. ಕೌದಿ ಸುತ್ತ ಊರನ್ನು ಕೂಡಿಸಬಲ್ಲವರು ಸಭೆಯನ್ನೂ ನಡೆಸಬಲ್ಲರು.

ನಾನು ಶುರು ಮಾಡಿದ್ದೇನೆ. ಎಂ.ಬಿ.ಯ ಹಾಗೆ ಗೆರೆ ಹಾಕಿದ ಪುಸ್ತಕವೊಂದನ್ನು ತಂದಿಟ್ಟುಕೊಂಡಿದ್ದೇನೆ. ಮೊದಲ ಪುಟ ಅವ್ವನದು. ಎಷ್ಟು ಕೌದಿ ಹೊಲಿದಳು ಎಂಬ ಕಡೆ ಜಾಗ ಖಾಲಿ ಇದೆ, ಕೇಳಬೇಕಾದಾಗ ನಾನು ಕೇಳಲಿಲ್ಲ. ಎರಡನೆಯ ಪುಟ, ಅಂದು ಬಂದು ಪ್ರಶ್ನೆ ಕೇಳಿದ ಆ ಹೆಣ್ಣುಮಗಳದು. ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ತಾಯಿ ಇನ್ನೂ ಇದ್ದರೆ ಇಂದು ಸಂಜೆಯೇ ಹತ್ತಿರ ಕೂತು ಕೇಳಿರಿ.